‘ಮಾರ್ಫಿನ್ ಕೊನೆಗೆ ಇರಲಿ’

ಕ್ಯಾನ್ಸರ್ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವವರ ಮುಂದೆ, ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧಿಯ ಬಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರಾದ ಮೊದಲ ವರ್ಷಗಳಲ್ಲಿ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಅರವತ್ತರ ಆಸುಪಾಸಿನ ಒಬ್ಬ ತಾಯಿ ನಮ್ಮ ವಾರ್ಡಿನಲ್ಲಿದ್ದರು. ಸ್ತನ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿತ್ತು. ಮಲಗಿದರೆ ನೋವು ಜಾಸ್ತಿ ಆಗುತ್ತಿತ್ತು, ಹಾಗಾಗಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಅಂತ ಕೇಳಿದರೆ, ಮಗ ಪಕ್ಕದಲ್ಲಿದ್ದಾಗ ‘ನಾಲ್ಕು’ ಅನ್ನುತ್ತಿದ್ದರು. ರಾತ್ರಿ ಪಾಳಿಯ ನರ್ಸ್ ಕೇಳಿದಾಗ ‘ಒಂಬತ್ತು’ ಅಂದಿದ್ದರು. ಮಗ ನನ್ನನ್ನು ಪಕ್ಕಕ್ಕೆ ಕರೆದು, “ಡಾಕ್ಟ್ರೇ, ಮಾರ್ಫಿನ್ ಈಗಲೇ ಬೇಡ, ಕೊನೆಗೆ ಇರಲಿ” ಅಂದರು. ನಾನು ತಲೆಯಾಡಿಸಿದೆ. ನನಗೂ ಹಾಗೇ ಅನಿಸಿತ್ತು.

ಐದು ವಾರ ಹೀಗೇ ಕಳೆಯಿತು. ಆಮೇಲೆ ನನ್ನ ಹಿರಿಯರೊಬ್ಬರು ಬಂದು ನೋಡಿ, ಅವತ್ತೇ ಬಾಯಿಯ ಮೂಲಕ ಮಾರ್ಫಿನ್ ಶುರು ಮಾಡಿಸಿದರು. ಮೂರನೇ ದಿನ ಆ ತಾಯಿ ಕಾಲು ಚಾಚಿ ಮಲಗಿದರು. ಬೆಳಿಗ್ಗೆ ನನ್ನನ್ನು ನೋಡಿ, “ಇಷ್ಟು ದಿನ ಯಾಕೆ ಕೊಡಲಿಲ್ಲಪ್ಪಾ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಆಮೇಲೆ ಹನ್ನೊಂದು ತಿಂಗಳು ಇದ್ದರು. ‘ಕೊನೆಗೆ ಇರಲಿ’ ಅಂತ ನಾವು ಎತ್ತಿಟ್ಟೇ ಇದ್ದಿದ್ದರೆ ಆ ಹನ್ನೊಂದು ತಿಂಗಳ ನಿದ್ದೆಯೂ ಹೋಗುತ್ತಿತ್ತು. ಇವತ್ತು ನಾನು ಮಾತಾಡುವುದೆಲ್ಲಾ ಆ ಒಂದು ಪ್ರಶ್ನೆಯ ಸುತ್ತಲೇ.

ಮೊದಲು, ಇದು ಎಷ್ಟು ಜನರ ಕಷ್ಟ ಅನ್ನುವುದು. ಪ್ರಪಂಚದ ಬೇರೆ ಬೇರೆ ಕಡೆ ನಡೆದ 122 ಅಧ್ಯಯನಗಳನ್ನು ಒಟ್ಟು ಮಾಡಿ 2016ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಚಿಕಿತ್ಸೆ ನಡೆಯುತ್ತಿರುವವರಲ್ಲಿ ಶೇಕಡಾ 55 ಜನರಿಗೆ ನೋವಿತ್ತು. ರೋಗ ಹರಡಿದವರಲ್ಲಿ ಶೇಕಡಾ 66. ಇನ್ನೊಂದು ಅಂಕಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಚಿಕಿತ್ಸೆ ಮುಗಿದು ‘ಗುಣವಾಯಿತು’ ಅನಿಸಿಕೊಂಡವರಲ್ಲೂ ಶೇಕಡಾ 39 ಜನರಿಗೆ ನೋವು ಉಳಿದಿತ್ತು. ಅಂದರೆ ಕ್ಯಾನ್ಸರ್ ನೋವು ಸಾವಿನ ಹತ್ತಿರ ಮಾತ್ರ ಬರುವ ಅತಿಥಿಯಲ್ಲ. ಅದು ಮೊದಲ ದಿನವೇ ಬರಬಹುದು, ರೋಗ ಹೋದ ಮೇಲೂ ಕೂತಿರಬಹುದು.

ನೋವು ಎಲ್ಲಾ ಒಂದೇ ಥರ ಅಲ್ಲ, ಅಲ್ವಾ? ಮೂಳೆಗೆ ಹರಡಿದಾಗಿನ ನೋವು ಒಂದೇ ಜಾಗದಲ್ಲಿ ಕೊರೆಯುತ್ತದೆ, ಅಲುಗಾಡಿದರೆ ಏರುತ್ತದೆ. ಗಡ್ಡೆ ನರವನ್ನು ಒತ್ತಿದರೆ ಉರಿ, ಜೋಮು, ಶಾಕ್ ಹೊಡೆದ ಹಾಗೆ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್‌ನಂಥ ಕೀಮೋ ಔಷಧಿಗಳು ಕೈಕಾಲಿನ ತುದಿಯ ನರಗಳನ್ನೇ ಕೆಡಿಸುತ್ತವೆ. ಹೊಟ್ಟೆಯೊಳಗಿನ ಅಂಗದ ನೋವನ್ನು ಬೆರಳಿಟ್ಟು ತೋರಿಸೋಕೇ ಆಗುವುದಿಲ್ಲ. ಅದಕ್ಕೇ ‘ಎಷ್ಟು ನೋವು’ ಅನ್ನುವುದರ ಜೊತೆ ‘ಎಂಥ ನೋವು’ ಅಂತಲೂ ನಾವು ಕೇಳುತ್ತೇವೆ. ಉರಿ ಅಂದರೆ ಒಂದು ದಾರಿ, ಕೊರೆತ ಅಂದರೆ ಇನ್ನೊಂದು ದಾರಿ.

ಈಗ ಮಾರ್ಫಿನ್ ವಿಷಯಕ್ಕೆ ಬರೋಣ. ಸುಮಾರು 1804ರ ಹೊತ್ತಿಗೆ ಜರ್ಮನಿಯ ಪಾಡರ್‌ಬೋರ್ನ್ ಊರಿನಲ್ಲಿ ಫ್ರೆಡ್ರಿಕ್ ಸೆರ್ಟ್ಯೂರ್ನರ್ ಅನ್ನುವ ಔಷಧಿ ಅಂಗಡಿಯ ಹುಡುಗ ಅಫೀಮಿನಿಂದ ಅದರ ಸತ್ವವನ್ನು ಬೇರೆ ಮಾಡಿದ. ಕನಸಿನ ದೇವತೆ ಮಾರ್ಫಿಯಸ್ ಹೆಸರಿಟ್ಟ. ಆದರೆ ನಮ್ಮ ಮೆದುಳಿನಲ್ಲಿ ಅದು ಎಲ್ಲಿ ಹೋಗಿ ಕೂರುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದು 1973ರಲ್ಲಿ. ಎರಡು ವರ್ಷ ಬಿಟ್ಟು, ನಮ್ಮ ದೇಹವೇ ಇಂಥದ್ದೇ ವಸ್ತುವನ್ನು ತಯಾರಿಸುತ್ತದೆ ಅಂತಲೂ ಗೊತ್ತಾಯಿತು. ನೋವಿನ ಸುದ್ದಿಯನ್ನು ಬೆನ್ನುಹುರಿಯ ಬಾಗಿಲಲ್ಲೇ ತಡೆಯುವ ವ್ಯವಸ್ಥೆ ನಮ್ಮೊಳಗೆ ಮೊದಲಿಂದ ಇದೆ. ಮಾರ್ಫಿನ್, ಫೆಂಟಾನಿಲ್, ಆಕ್ಸಿಕೋಡೋನ್, ಮೆಥಡೋನ್ ಎಲ್ಲಾ ಅದೇ ಬೀಗಕ್ಕೆ ಹೊಂದುವ ಬೀಗದಕೈಗಳು. ಇವನ್ನೆಲ್ಲಾ ಸೇರಿಸಿ ಓಪಿಯಾಯ್ಡ್ ಅನ್ನುತ್ತೇವೆ.

ಔಷಧಿ ಕೈಯಲ್ಲಿದ್ದರೂ ಅದನ್ನು ಸರಿಯಾಗಿ ಕೊಡುವುದನ್ನು ಕಲಿಯೋಕೆ ನೂರೈವತ್ತು ವರ್ಷ ಬೇಕಾಯಿತು ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಹಳೆಯ ಪದ್ಧತಿ ಹೇಗಿತ್ತು ಗೊತ್ತಾ? ರೋಗಿ ನೋವು ತಾಳಲಾರದೆ ಕೂಗಬೇಕು, ಆಮೇಲೆ ಇಂಜೆಕ್ಷನ್. ಔಷಧಿ ಇಳಿಯುತ್ತದೆ, ನೋವು ಮತ್ತೆ ಬರುತ್ತದೆ, ಮತ್ತೆ ಕೂಗು. ದಿನವೆಲ್ಲಾ ಮುಂದಿನ ಇಂಜೆಕ್ಷನ್‌ಗೆ ಕಾಯುವುದೇ ರೋಗಿಯ ಕೆಲಸ. ನೋಡಿದವರಿಗೆ ಅದು ಚಟದ ಹಾಗೆ ಕಾಣುತ್ತಿತ್ತು. ನಿಜವಾಗಿ ಅದು ನೋವಿನ ಭಯ.

ಇದನ್ನು ಬದಲಾಯಿಸಿದವರಲ್ಲಿ ದೊಡ್ಡ ಹೆಸರು ಸಿಸಿಲಿ ಸಾಂಡರ್ಸ್ ಅವರದು. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆಮೇಲೆ ಮತ್ತೆ ಓದಿ ಡಾಕ್ಟರಾದವರು. ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್‌ಗಳು ರೋಗಿ ಕೂಗುವುದಕ್ಕೆ ಕಾಯದೆ ಹೊತ್ತು ಹೊತ್ತಿಗೆ ಮಾರ್ಫಿನ್ ಕೊಡುವುದನ್ನು ಅವರು ನೋಡಿದ್ದರು. ಮುಂದೆ ತಮ್ಮ ರೋಗಿಗಳಿಗೂ ಹಾಗೇ ಕೊಟ್ಟು, ಒಬ್ಬೊಬ್ಬರ ವಿವರವನ್ನೂ ಬರೆದಿಟ್ಟರು. ನೋವು ಬರುವ ಮೊದಲೇ ಮುಂದಿನ ಡೋಸ್ ಕೊಟ್ಟರೆ ರೋಗಿ ಎಚ್ಚರವಾಗಿ, ಮಾತಾಡಿಕೊಂಡು ಇರುತ್ತಾರೆ ಅನ್ನುವುದನ್ನು ತೋರಿಸಿದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ಅಂದರೆ ವಾಸಿಯಾಗದ ರೋಗಿಗಳ ಆರೈಕೆಯ ಮನೆ, ಶುರು ಮಾಡಿದರು. ದೇಹದ ನೋವು, ಮನಸ್ಸಿನ ನೋವು, ಮನೆಯ ಚಿಂತೆ, ‘ನನಗೇ ಯಾಕೆ’ ಅನ್ನುವ ಸಂಕಟ, ಇವನ್ನೆಲ್ಲಾ ಒಂದೇ ನೋವಾಗಿ ನೋಡಬೇಕು ಅಂದವರೂ ಅವರೇ. ಈ ಮಾತು ಬರೀ ಕರುಣೆಯದ್ದಲ್ಲ. ಡೋಸ್ ಎಷ್ಟು ಏರಿಸಿದರೂ ನೋವು ಇಳಿಯದಿದ್ದಾಗ ನಾನು ಕುರ್ಚಿ ಎಳೆದುಕೊಂಡು ಕೂತು, “ಬೇರೆ ಏನು ಕಾಡ್ತಿದೆ?” ಅಂತ ಕೇಳುವುದು ಇದೇ ಕಾರಣಕ್ಕೆ. ಎಷ್ಟೋ ಸಲ ಉತ್ತರ ಅಲ್ಲೇ ಸಿಕ್ಕಿದೆ.

ಸೇಂಟ್ ಕ್ರಿಸ್ಟೋಫರ್ಸ್‌ನಲ್ಲೇ ರಾಬರ್ಟ್ ಟ್ವೈಕ್ರಾಸ್ ಅನ್ನುವ ಡಾಕ್ಟರು ಹೆರಾಯಿನ್ ಮತ್ತು ಮಾರ್ಫಿನ್ ಎರಡನ್ನೂ ಹೋಲಿಸಿ ನೋಡಿದರು. ಆಗ ಅಲ್ಲಿ ಹೆರಾಯಿನ್ ಕೂಡ ಔಷಧಿಯಾಗಿ ಬಳಕೆಯಲ್ಲಿತ್ತು, ಅದೇ ಮೇಲು ಅನ್ನುವ ನಂಬಿಕೆಯೂ ಇತ್ತು. ಬಾಯಿಯ ಮೂಲಕ, ಡೋಸ್ ಸರಿಹೊಂದಿಸಿ ಕೊಟ್ಟರೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ ಅಂತ 1977ರಲ್ಲಿ ಪ್ರಕಟಿಸಿದರು. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಸಾಮಾನ್ಯ ಮಾರ್ಫಿನ್ ಸಿರಪ್ ಸಾಕು ಅಂತ ಗೊತ್ತಾಗಿದ್ದರಿಂದಲೇ ಆಸ್ಪತ್ರೆಯ ಹಾಸಿಗೆ ಬಿಟ್ಟು ಮನೆಯಲ್ಲೇ ನೋವು ನೋಡಿಕೊಳ್ಳುವ ದಾರಿ ತೆರೆಯಿತು.

1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿಲಾನ್‌ನಲ್ಲಿ ತಜ್ಞರನ್ನು ಸೇರಿಸಿತು. 1986ರಲ್ಲಿ ಒಂದು ಚಿಕ್ಕ ಪುಸ್ತಕ ಬಂತು. ಅದರಲ್ಲಿದ್ದ ಮೂರು ಮೆಟ್ಟಿಲಿನ ಏಣಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕಡಿಮೆ ನೋವಿಗೆ ಪ್ಯಾರಾಸಿಟಮಾಲ್ ಥರದ್ದು, ಮಧ್ಯಮಕ್ಕೆ ಕೋಡೀನ್ ಥರದ ಕಡಿಮೆ ಬಲದ ಓಪಿಯಾಯ್ಡ್, ತೀವ್ರ ನೋವಿಗೆ ಮಾರ್ಫಿನ್. ಏಣಿಗಿಂತ ಅದರ ಜೊತೆಗಿದ್ದ ಮಾತುಗಳು ಮುಖ್ಯ ಅಂತ ನನ್ನ ಅಭಿಪ್ರಾಯ. ಆದಷ್ಟು ಬಾಯಿಯ ಮೂಲಕ ಕೊಡಿ, ಗಡಿಯಾರ ನೋಡಿ ಕೊಡಿ, ಒಬ್ಬೊಬ್ಬರಿಗೆ ಹೊಂದುವಷ್ಟು ಕೊಡಿ. ಜರ್ಮನಿಯ ಕಲೋನ್‌ನಲ್ಲಿ ಇದೇ ಕ್ರಮದಲ್ಲಿ ಹತ್ತು ವರ್ಷ ನೋಡಿಕೊಂಡ 2118 ರೋಗಿಗಳ ವಿವರ 1995ರಲ್ಲಿ ಬಂತು. ಶೇಕಡಾ 76 ಜನರಿಗೆ ಒಳ್ಳೆಯ ಉಪಶಮನ, 12 ಜನರಿಗೆ ಸುಮಾರಾಗಿ, ಉಳಿದ 12 ಜನರಿಗೆ ಸಾಕಾಗಲಿಲ್ಲ. ಆ ಕೊನೆಯ 12ನ್ನು ಮರೆಯಬಾರದು, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆದರೆ ಏಣಿಯ ಚಿತ್ರದಲ್ಲಿ ಒಂದು ಅಪಾಯ ಇತ್ತು. ಒಂದೊಂದೇ ಮೆಟ್ಟಿಲು ಹತ್ತಬೇಕು, ಮಾರ್ಫಿನ್ ತುತ್ತತುದಿಯಲ್ಲಿದೆ, ಅಂದರೆ ಅದು ಕೊನೆ. ನಮ್ಮ ಮನಸ್ಸು ಹೀಗೆ ಓದಿಕೊಂಡಿತು. ಇಟಲಿಯ ಕೆಲವು ಆಸ್ಪತ್ರೆಗಳು ಇದನ್ನು ಪರೀಕ್ಷಿಸಿದವು. ಮಧ್ಯಮ ನೋವಿರುವ 240 ಕ್ಯಾನ್ಸರ್ ರೋಗಿಗಳು. ಅರ್ಧ ಜನರಿಗೆ ಕೋಡೀನ್ ಅಥವಾ ಅದೇ ಮೆಟ್ಟಿಲಿನ ಟ್ರಾಮಡಾಲ್, ಇನ್ನರ್ಧ ಜನರಿಗೆ ನೇರವಾಗಿ ಕಡಿಮೆ ಡೋಸಿನ ಮಾರ್ಫಿನ್. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. 28 ದಿನ ನೋಡಿದರು. ನೋವು ಐದನೇ ಒಂದು ಭಾಗವಾದರೂ ಇಳಿದವರು ಮಾರ್ಫಿನ್ ಗುಂಪಿನಲ್ಲಿ ಶೇಕಡಾ 88, ಇನ್ನೊಂದರಲ್ಲಿ 58. ತೊಂದರೆಗಳು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಇದಕ್ಕೆ ಕಾರಣವೂ ಅರ್ಥವಾಗುವಂಥದ್ದೇ. ಕೋಡೀನ್ ಕೆಲಸ ಮಾಡಬೇಕಾದರೆ ಅದು ಲಿವರ್‌ನಲ್ಲಿ ಮಾರ್ಫಿನ್ ಆಗಿ ಬದಲಾಗಬೇಕು. ಕೆಲವರ ದೇಹ ಹುಟ್ಟಿನಿಂದಲೇ ಅದನ್ನು ಸರಿಯಾಗಿ ಬದಲಾಯಿಸುವುದಿಲ್ಲ. ಅವರಿಗೆ ಕೋಡೀನ್ ಕೊಡುವುದು ಸುಮ್ನೆ ಮಾತ್ರೆ ನುಂಗಿಸಿದ ಹಾಗೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ತಂದಾಗ ಏಣಿಯನ್ನು ಮುಖ್ಯ ತತ್ವಗಳಿಂದ ಇಳಿಸಿ, ಕಲಿಸುವಾಗ ಉಪಯೋಗಕ್ಕೆ ಬರುವ ಚಿತ್ರವಾಗಿ ಮಾತ್ರ ಇಟ್ಟುಕೊಂಡಿತು. ಔಷಧಿಯನ್ನು ನಿರ್ಧರಿಸುವುದು ನೋವು. ಇನ್ನೆಷ್ಟು ದಿನ ಉಳಿದಿದೆ ಅನ್ನುವ ಲೆಕ್ಕ ಅಲ್ಲ.

ಚಟದ ಭಯದ ಬಗ್ಗೆ ನಿಧಾನವಾಗಿ ಮಾತಾಡಬೇಕು. ಇಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಒಂದು, ದೇಹ ಔಷಧಿಗೆ ಒಗ್ಗಿಕೊಂಡು, ಅದೇ ಪರಿಣಾಮಕ್ಕೆ ಜಾಸ್ತಿ ಡೋಸ್ ಬೇಕಾಗುವುದು. ಇನ್ನೊಂದು, ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ಮೂಗು ಸೋರುವುದು, ಚಡಪಡಿಕೆ ಬರುವುದು. ಇದು ವಾರಗಟ್ಟಲೆ ಓಪಿಯಾಯ್ಡ್ ತಗೊಂಡ ಯಾರಿಗೂ ಆಗಬಹುದು. ನಿಧಾನವಾಗಿ ಇಳಿಸಿದರೆ ತಪ್ಪಿಸಬಹುದು. ಮೂರನೆಯದು ನಿಜವಾದ ಚಟ. ಹಾನಿ ಆಗುತ್ತಿದೆ ಅಂತ ಗೊತ್ತಿದ್ದರೂ ಬಿಡಲಾಗದೆ, ನೋವಿಲ್ಲದಾಗಲೂ ಬೇಕೇ ಬೇಕು ಅನ್ನುವ ಹಂಬಲ. ಮೊದಲೆರಡು ಕಂಡಾಗ ಮನೆಯವರು ಮೂರನೆಯದು ಅಂದುಕೊಂಡು ಗಾಬರಿಯಾಗುತ್ತಾರೆ.

ಹಾಗಂತ ಚಟ ಅನ್ನುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದ್ದರಿಂದ ಎಂಥ ಅನಾಹುತ ಆಯಿತು ಅನ್ನುವುದಕ್ಕೆ ಅಮೆರಿಕವೇ ಸಾಕ್ಷಿ. 1980ರಲ್ಲಿ ಅಲ್ಲಿನ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಐದೇ ವಾಕ್ಯದ ಪತ್ರವೊಂದು ಬಂತು. ಆಸ್ಪತ್ರೆಯಲ್ಲಿ ಇಂಥ ಔಷಧಿ ಪಡೆದ 11,882 ಜನರಲ್ಲಿ ಚಟ ಹತ್ತಿದ್ದು ನಾಲ್ಕೇ ಜನರಿಗೆ ಅಂತ. ಆಸ್ಪತ್ರೆಯೊಳಗೆ ಇದ್ದವರ ಲೆಕ್ಕ ಅದು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ತಿಂದವರ ಲೆಕ್ಕ ಅಲ್ಲವೇ ಅಲ್ಲ. ಆದರೂ ಆ ಪುಟ್ಟ ಪತ್ರವನ್ನು 600ಕ್ಕೂ ಹೆಚ್ಚು ಬರಹಗಳು ಎತ್ತಿ ಹೇಳಿದವು, ಬಹುಪಾಲು ‘ಚಟದ ಭಯ ಬೇಡ’ ಅನ್ನುವುದಕ್ಕೆ ಸಾಕ್ಷಿಯಾಗಿ. ತೊಂಬತ್ತರ ದಶಕದಲ್ಲಿ ಅದೇ ಮಾತಿನ ಬಲದ ಮೇಲೆ ಬೆನ್ನುನೋವು, ಕೀಲುನೋವಿಗೂ ಬಲವಾದ ಓಪಿಯಾಯ್ಡ್‌ಗಳನ್ನು ಧಾರಾಳವಾಗಿ ಬರೆದರು. ಲಕ್ಷಾಂತರ ಜೀವ ಹೋಯಿತು.

ಆಮೇಲೆ ಕಾನೂನು ಬಿಗಿಯಾಯಿತು. ಬಿಗಿ ಮಾಡಿದ ಕೈ ಯಾರ ಮೇಲೆ ಬಿತ್ತು ಅಂತಲೂ ನೋಡಬೇಕು. ಅಮೆರಿಕದಲ್ಲಿ 2007ರಿಂದ 2017ರವರೆಗೆ ಕ್ಯಾನ್ಸರ್‌ನಿಂದ ತೀರಿಕೊಂಡ ಎರಡೂವರೆ ಲಕ್ಷಕ್ಕೂ ಹೆಚ್ಚು ಹಿರಿಯರ ದಾಖಲೆ ನೋಡಿದ ಒಂದು ಅಧ್ಯಯನ 2021ರಲ್ಲಿ ಬಂತು. ಕೊನೆಯ ದಿನಗಳಲ್ಲಿ ಓಪಿಯಾಯ್ಡ್ ಸಿಕ್ಕವರು ಶೇಕಡಾ 42ರಿಂದ 35.5ಕ್ಕೆ ಇಳಿದಿದ್ದರು. ಅದೇ ಹೊತ್ತಿನಲ್ಲಿ ನೋವು ತಡೆಯಲಾರದೆ ಎಮರ್ಜೆನ್ಸಿಗೆ ಓಡಿಬಂದವರು ಹೆಚ್ಚಾಗಿದ್ದರು. ಇದು ಓದಿದಾಗ ನನಗೆ ಆ ತಾಯಿಯ ಮುಖ ನೆನಪಾಯಿತು.

ಹಾಗಾಗಿ ನಾವು ಮಾಡುವುದು ಇಷ್ಟು. ಹಿಂದೆ ಕುಡಿತ ಅಥವಾ ಮಾದಕ ವಸ್ತುವಿನ ಚಟ ಇತ್ತಾ ಅಂತ ಮರ್ಯಾದೆಯಿಂದ ಕೇಳುತ್ತೇವೆ. ಇದ್ದರೆ ಔಷಧಿ ಇಲ್ಲ ಅಂತಲ್ಲ. ಕಡಿಮೆ ದಿನಕ್ಕೆ ಬರೆದುಕೊಟ್ಟು ಪದೇ ಪದೇ ನೋಡುತ್ತೇವೆ. ರೋಗ ವಾಸಿಯಾದವರ ವಿಷಯವಂತೂ ಬೇರೆಯೇ. ಅವರು ಇನ್ನು ಇಪ್ಪತ್ತು, ಮೂವತ್ತು ವರ್ಷ ಬದುಕುವವರು. ಅವರಿಗೆ ವ್ಯಾಯಾಮ, ನರದ ನೋವಿನ ಮಾತ್ರೆ, ಬೇರೆ ದಾರಿಗಳು ಮೊದಲು. ಚಿಕಿತ್ಸೆಯ ಕಾಲದಲ್ಲಿ ಶುರು ಮಾಡಿದ ಮಾರ್ಫಿನ್ ಅನ್ನು ಇಳಿಸುವ ಯೋಜನೆಯೂ ಇರಬೇಕು.

ಮನೆಯಲ್ಲಿ ಕೊಡುವವರಿಗೆ ಕೆಲವು ಮಾತು. ಬೇಗ ಕೆಲಸ ಮಾಡುವ ಮಾರ್ಫಿನ್‌ನ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಅದಕ್ಕೇ ನಾಲ್ಕು ಗಂಟೆಗೊಮ್ಮೆ ಕೊಡುವುದು. ಮಧ್ಯದಲ್ಲಿ ನೋವು ಉಕ್ಕಿ ಬಂದರೆ ಅಂತ ಒಂದು ಹೆಚ್ಚುವರಿ ಡೋಸ್ ಬರೆದುಕೊಟ್ಟಿರುತ್ತೇವೆ. ಅದನ್ನು ಎಷ್ಟು ಸಲ ಕೊಟ್ಟಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ನನಗೆ ಸ್ಕ್ಯಾನ್‌ಗಿಂತ ಜಾಸ್ತಿ ಹೇಳುತ್ತದೆ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಸಾಮಾನ್ಯವಾಗಿ ವಾರದೊಳಗೆ ಕಡಿಮೆಯಾಗುತ್ತದೆ. ಕಡಿಮೆಯಾಗದೆ ಉಳಿಯುವುದು ಮಲಬದ್ಧತೆ. ಕರುಳಿನಲ್ಲೂ ಅದೇ ಬೀಗಗಳಿವೆ, ಕರುಳು ಔಷಧಿಗೆ ಒಗ್ಗುವುದಿಲ್ಲ. ಅದಕ್ಕೆ ಮಾರ್ಫಿನ್ ಶುರುವಾದ ದಿನವೇ ಮಲ ಸಲೀಸಾಗಿ ಹೋಗುವಂತೆ ಮಾಡುವ ಮಾತ್ರೆಯೂ ಶುರುವಾಗಬೇಕು. ಎಷ್ಟೋ ಜನ ಮಾರ್ಫಿನ್ ಬಿಟ್ಟಿದ್ದು ಚಟಕ್ಕೆ ಹೆದರಿ ಅಲ್ಲ, ಹೊಟ್ಟೆ ಕಟ್ಟಿ. ನಮ್ಮ ಕೈಯಲ್ಲಿ ತಡೆಯಬಹುದಾದ ತೊಂದರೆ ಅದು.

ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್‌ನ ಉಳಿಕೆಗಳು ದೇಹದಲ್ಲಿ ಸೇರಿಕೊಂಡು ಗೊಂದಲ, ಮೈ ಜಗ್ಗಿದ ಹಾಗೆ ಆಗುವುದು, ಅತಿ ನಿದ್ದೆ ಬರಬಹುದು. ಆಗ ಔಷಧಿ ಬದಲಾಯಿಸುತ್ತೇವೆ. ಫೆಂಟಾನಿಲ್ ಪಟ್ಟಿ ಅಂಟಿಸಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ, ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ. ಡಾಕ್ಟರಿಗೆ ಹೇಳದೆ ನಿದ್ದೆ ಮಾತ್ರೆ ಸೇರಿಸಬೇಡಿ, ಮದ್ಯ ಬೇಡವೇ ಬೇಡ. ಬೀಗ ಹಾಕಿಡಿ. ಉಳಿದಿದ್ದನ್ನು ವಾಪಸ್ ಕೊಡಿ. ಒಬ್ಬರ ಡೋಸ್ ಇನ್ನೊಬ್ಬರ ಜೀವ ತೆಗೆಯಬಹುದು.

ಆ ಶೇಕಡಾ 12ರ ವಿಷಯ ಬಾಕಿ ಇತ್ತು. ಮಾರ್ಫಿನ್ ಸಾಲದಿದ್ದಾಗ ಅದನ್ನೇ ಏರಿಸುತ್ತಾ ಹೋಗುವುದು ಜಾಣತನವಲ್ಲ. ಮೂಳೆಯ ನೋವಿಗೆ ರೇಡಿಯೇಷನ್ ಇದೆ. 8 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಪ್ರಮಾಣದ ಒಂದೇ ಸಲದ ರೇಡಿಯೇಷನ್, ದಿನಗಟ್ಟಲೆ ಕೊಡುವ ರೇಡಿಯೇಷನ್‌ನಷ್ಟೇ ನೋವು ಇಳಿಸುತ್ತದೆ ಅಂತ ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳು ತೋರಿಸಿವೆ. ಒಂದೇ ಸಲ ಪಡೆದವರಲ್ಲಿ ಮುಂದೆ ಮತ್ತೊಮ್ಮೆ ಬೇಕಾಗುವವರು ಜಾಸ್ತಿ, ಅಷ್ಟೇ. ನೋವಿನಲ್ಲಿ ನರಳುವವರನ್ನು ಹತ್ತು ಸಲ ಓಡಾಡಿಸದೆ ಒಂದು ದಿನದಲ್ಲಿ ಮುಗಿಸುವುದು ಎಂಥ ನೆಮ್ಮದಿ ಯೋಚಿಸಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಹೊಟ್ಟೆಯ ಹಿಂದಿನ ನರಗಳ ಗಂಟಿಗೇ ಇಂಜೆಕ್ಷನ್ ಕೊಡಬಹುದು. ಕೀಮೋದಿಂದ ಬಂದ ಪಾದದ ಉರಿಗೆ ಡುಲೋಕ್ಸೆಟಿನ್ ಅನ್ನುವ ಮಾತ್ರೆ ಕೆಲಸ ಮಾಡುತ್ತದೆ ಅಂತ 2013ರ ಪ್ರಯೋಗ ತೋರಿಸಿತು. ಸೋತ ಪ್ರಯೋಗಗಳನ್ನೂ ಹೇಳಬೇಕು. ಅರಿವಳಿಕೆಗೆ ಬಳಸುವ ಕೆಟಮಿನ್ ಮೇಲೆ ಬಹಳ ಆಸೆ ಇತ್ತು. 2012ರಲ್ಲಿ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಅದು ಔಷಧಿಯೇ ಇಲ್ಲದ ಇಂಜೆಕ್ಷನ್‌ಗಿಂತ ಮೇಲು ಅಂತ ಕಾಣಲಿಲ್ಲ, ತೊಂದರೆ ಮಾತ್ರ ಹೆಚ್ಚಿತ್ತು.

ಇಷ್ಟೆಲ್ಲಾ ಗೊತ್ತಿದ್ದೂ ಔಷಧಿ ಎಲ್ಲಿಗೆ ಹೋಗುತ್ತಿದೆ? 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಲೆಕ್ಕ ಹಾಕಿತು. ಪ್ರಪಂಚದಲ್ಲಿ ವರ್ಷಕ್ಕೆ ಹಂಚಿಕೆಯಾಗುವ ಓಪಿಯಾಯ್ಡ್‌ಗಳನ್ನು ಮಾರ್ಫಿನ್ ಲೆಕ್ಕಕ್ಕೆ ತಂದರೆ 298.5 ಟನ್. ಅದರಲ್ಲಿ ಅತಿ ಬಡ ದೇಶಗಳಿಗೆ ಸಿಕ್ಕಿದ್ದು 0.1 ಟನ್. ಅಂದರೆ ನೂರು ಕೆಜಿ. ಮಾದಕ ವಸ್ತುಗಳ ಬಗ್ಗೆ 1961ರಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದದ ಮೊದಲ ಪುಟದಲ್ಲೇ, ನೋವು ಶಮನಕ್ಕೆ ಇವು ಬೇಕೇ ಬೇಕು ಅನ್ನುವ ಮಾತಿದೆ. ಉಗಾಂಡಾದಲ್ಲಿ 1993ರಲ್ಲಿ ಡಾಕ್ಟರ್ ಆ್ಯನ್ ಮೆರಿಮನ್ ಮಾರ್ಫಿನ್ ಪುಡಿಯನ್ನು ನೀರಿಗೆ ಬೆರೆಸಿ ಬಾಟಲಿಯಲ್ಲಿ ಮನೆಮನೆಗೆ ಕೊಡುವ ಕೆಲಸ ಶುರು ಮಾಡಿದರು. 2004ರಲ್ಲಿ ಆ ದೇಶ ತರಬೇತಿ ಪಡೆದ ನರ್ಸ್‌ಗಳಿಗೂ ಮಾರ್ಫಿನ್ ಬರೆದುಕೊಡುವ ಅಧಿಕಾರ ಕೊಟ್ಟಿತು. ಶ್ರೀಮಂತಿಕೆ ಬೇಕಾಗಲಿಲ್ಲ. ಮನಸ್ಸು ಮಾಡಿದರು, ಆಯಿತು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: “ನಮ್ಮ ಅಪ್ಪ ನೋವು ಅಂತ ಬಾಯಿ ಬಿಡೋದೇ ಇಲ್ಲ. ಏನು ಮಾಡೋದು?”

‘ನೋವಿದೆಯಾ’ ಅಂತ ಕೇಳಬೇಡಿ. ಇಲ್ಲ ಅಂತಾರೆ. ‘ರಾತ್ರಿ ಎಷ್ಟು ಸಲ ಎದ್ರಿ’, ‘ಸ್ನಾನಕ್ಕೆ ಹೋಗೋವಾಗ ಎಲ್ಲಿ ಹಿಡೀತು’ ಅಂತ ಕೇಳಿ. ಡಾಕ್ಟರ ಹತ್ತಿರ ಒಬ್ಬರೇ ಮಾತಾಡೋಕೆ ಐದು ನಿಮಿಷ ಬಿಡಿ. ಮಕ್ಕಳ ಮುಂದೆ ನಾಲ್ಕು ಅನ್ನುವವರು ಹೊರಗೆ ಒಂಬತ್ತು ಅಂತಾರೆ. ರೋಗಿಗಳು ತಮ್ಮ ಲಕ್ಷಣಗಳನ್ನು ತಾವೇ ಕಂಪ್ಯೂಟರಿನಲ್ಲಿ ಬರೆದು ತಿಳಿಸುವ ವ್ಯವಸ್ಥೆಯನ್ನು ನ್ಯೂಯಾರ್ಕಿನಲ್ಲಿ 766 ಜನರ ಮೇಲೆ ಪರೀಕ್ಷಿಸಿದ್ದರು. 2017ರಲ್ಲಿ ಫಲಿತಾಂಶ ಬಂತು. ಹಾಗೆ ತಿಳಿಸಿದವರಲ್ಲಿ ಅರ್ಧ ಜನ 31 ತಿಂಗಳಿಗಿಂತ ಹೆಚ್ಚು ಬದುಕಿದರು, ಉಳಿದವರಲ್ಲಿ ಅರ್ಧ ಜನ 26 ತಿಂಗಳಿಗಿಂತ ಹೆಚ್ಚು. ಹೇಳಿಕೊಳ್ಳುವುದೂ ಚಿಕಿತ್ಸೆಯ ಭಾಗ ಅಂತ ಅಪ್ಪನಿಗೆ ಹೇಳಿ.

“ಈಗಲೇ ಜಾಸ್ತಿ ಕೊಟ್ಟರೆ ಮುಂದೆ ಕೆಲಸ ಮಾಡೋದಿಲ್ಲ ಅಲ್ವಾ?” ಅಂತ ಇನ್ನೊಬ್ಬರು.

ಮಾರ್ಫಿನ್‌ಗೆ ಕೋಡೀನ್, ಟ್ರಾಮಡಾಲ್ ಥರ ‘ಇಷ್ಟರ ಮೇಲೆ ಇಲ್ಲ’ ಅನ್ನುವ ಮಿತಿ ಇಲ್ಲ. ಮುಂದೆ ನೋವು ಏರಿದರೆ ಡೋಸ್ ಏರಿಸಬಹುದು, ಬೇರೆ ಓಪಿಯಾಯ್ಡ್‌ಗೆ ಬದಲಾಯಿಸಬಹುದು. ಡೋಸ್ ಏರುವುದು ಹೆಚ್ಚಾಗಿ ರೋಗ ಮುಂದುವರಿದಿದ್ದರಿಂದ. ಇವತ್ತಿನ ನಿದ್ದೆಯನ್ನು ಉಳಿಸಿ ನಾಳೆಗೆ ಕೂಡಿಡೋಕೆ ಆಗುವುದಿಲ್ಲ.

ಎಲ್ಲರೂ ಎದ್ದ ಮೇಲೆ ಒಬ್ಬ ಹೆಣ್ಣುಮಗಳು ವೇದಿಕೆಯ ಹತ್ತಿರ ಬಂದರು. ತುಂಬಾ ಹೊತ್ತು ಸುಮ್ಮನೆ ನಿಂತಿದ್ದರು. “ಅಮ್ಮನಿಗೆ ಕೊನೇ ಡೋಸ್ ಕೊಟ್ಟಿದ್ದು ನಾನೇ. ಅರ್ಧ ಗಂಟೇಲಿ ಹೋಗಿಬಿಟ್ರು. ಅದರಿಂದಲೇ ಹೋದ್ರಾ ಡಾಕ್ಟ್ರೇ?”

ನಾನು ಎಷ್ಟು ಡೋಸ್ ಅಂತ ಕೇಳಿದೆ. ಹೇಳಿದರು. ಎಷ್ಟು ದಿನದಿಂದ ಅಂತ ಕೇಳಿದೆ. ಮೂರು ವಾರದಿಂದ, ದಿನಕ್ಕೆ ಆರು ಸಲ. ಅಂದರೆ ಅದೇ ಡೋಸನ್ನು ಅವರು ಅದಕ್ಕೂ ಮೊದಲು ನೂರಕ್ಕೂ ಹೆಚ್ಚು ಸಲ ಕೊಟ್ಟಿದ್ದರು. ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ ತೀರಿಕೊಂಡ 238 ಜನರ ಕೊನೆಯ ವಾರವನ್ನು ನೋಡಿದ ಅಧ್ಯಯನ 2000ದಲ್ಲಿ ಬಂದಿದೆ ಅಂತ ಅವರಿಗೆ ಹೇಳಿದೆ. ಆ ವಾರ ಡೋಸ್ ಚೆನ್ನಾಗಿ ಏರಿಸಿದವರಿಗೂ, ಏರಿಸದೇ ಇದ್ದವರಿಗೂ ಬದುಕಿದ ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನೀವು ಏರಿಸಿಯೂ ಇರಲಿಲ್ಲ. ಅಮ್ಮ ಹೋಗಿದ್ದು ಕ್ಯಾನ್ಸರ್‌ನಿಂದ. ನಾಲ್ಕು ಗಂಟೆಗೊಂದು ಡೋಸ್ ಅಂದರೆ, ಯಾರು ಯಾವಾಗ ಹೋದರೂ ಯಾವುದೋ ಒಂದು ಡೋಸ್ ಕೊನೆಯದಾಗಿಯೇ ಇರುತ್ತದೆ.

ಅವರು ಆ ಲೆಕ್ಕವನ್ನು ಬೆರಳ ಮೇಲೆ ಇನ್ನೊಮ್ಮೆ ಹಾಕಿದರು. ದಿನಕ್ಕೆ ಆರು, ಇಪ್ಪತ್ತೊಂದು ದಿನ. “ನೂರಿಪ್ಪತ್ತಾರು” ಅಂದರು. ಆಮೇಲೆ, “ಅವತ್ತು ಅಮ್ಮ ಮಲಗಿದ್ದರು, ಮುಖ ಗಂಟಿಕ್ಕಿರಲಿಲ್ಲ” ಅಂದರು.